ಹುಕ್ಕೇರಿ ನೀಲಿ, ಮೂಡಲಗಿ ನೀಲಿ

ದೊಡ್ಡ ವಿಷಯಗಳಿಗೆ ನಾನೂ ನಮ್ಮ ಮನೆಯವರೂ ಎಂದೂ ಜಗಳವಾಡಿದವರಲ್ಲ. ಹೊಲಕ್ಕೆ ಬೋರ್ ಹೊಡೆಸಬೇಕೋ ಬೇಡವೋ, ಮಗಳನ್ನು ನಿಡಸೋಸಿಯ ಕಾಲೇಜಿಗೆ ಹಾಕಬೇಕೋ ಬೇರೆ ಕಡೆಯೋ, ಇಂಥವೆಲ್ಲ ನಮ್ಮಲ್ಲಿ ಒಂದು ಕಪ್ ಚಹಾ ಮುಗಿಯುವುದರೊಳಗೆ ತೀರ್ಮಾನವಾಗಿವೆ. ನಾವು ಜಗಳವಾಡಿದ್ದು ಪಡಸಾಲೆಯ ಗೋಡೆಗೆ.

ಗೋಕಾಕದ ನಮ್ಮ ಮನೆ ಮಾವನವರು ಕಟ್ಟಿಸಿದ್ದು. ಅವರು ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದು ನಿವೃತ್ತರಾದವರು. ಪಡಸಾಲೆ ಪಡುವಣಕ್ಕೆ ಮುಖ ಮಾಡಿದೆ. ಬೇಸಿಗೆಯ ಮಧ್ಯಾಹ್ನ ಅದರೊಳಗೆ ಕೂತರೆ ಹಪ್ಪಳ ಸುಡಲು ಬೇರೆ ಒಲೆ ಬೇಡ. ಸಾಲದ್ದಕ್ಕೆ ಗೋಡೆಗಳಿಗೆ ಅಬ್ಬಲಿಗೆ ಹೂವಿನ ಕೇಸರಿ ಬಣ್ಣ. ಆ ವರ್ಷ ಮೇ ತಿಂಗಳಲ್ಲಿ ಸಾಲಿ ಸೂಟಿ ಬಿಟ್ಟಿತ್ತು, ನಾನು ಮಾಸ್ತರಿಕೆಯಿಂದ ಬಿಡುಗಡೆಯಾಗಿ ಹಗಲಿಡೀ ಮನೆಯಲ್ಲೇ ಬೇಯುತ್ತಿದ್ದೆ. ಒಂದು ದಿನ ನಮ್ಮ ಮನೆಯವರು ಕೆಲಸದಿಂದ ಬಂದು, ಅಂಗಿ ಬಿಚ್ಚಿ ಫ್ಯಾನಿನ ಕೆಳಗೆ ನಿಂತು, "ಈ ಗ್ವಾಡಿ ನೋಡಿದ್ರ ಮತ್ತಿಷ್ಟು ಬೆವರ ಬರತೈತಿ. ತಂಪನ್ನ ನೀಲಿ ಬಡಸೂಣು" ಎಂದರು. ನನ್ನ ಮನಸ್ಸಿನಲ್ಲೂ ನೀಲಿಯೇ ಇತ್ತು. ನಮ್ಮ ಹೊಂದಾಣಿಕೆಗೆ ನನಗೇ ಹೆಮ್ಮೆಯಾಯಿತು.

ಯಾವ ನೀಲಿ ಎಂದು ಕೇಳಿದ್ದು ಮರುದಿನ. ಅಲ್ಲಿಗೆ ಹೊಂದಾಣಿಕೆ ಮುಗಿಯಿತು.

ನನ್ನ ನೀಲಿ ಹುಕ್ಕೇರಿಯದು. ಅದು ನನ್ನ ತವರು. ಅಲ್ಲಿ ಅಣ್ಣ ಹೊಸದಾಗಿ ಮನೆ ಕಟ್ಟಿಸಿದ್ದ. ಹೋದ ದೀಪಾವಳಿಯಲ್ಲಿ ಅವರ ಒಳಕೋಣೆಯಲ್ಲಿ ಊಟ ಮಾಡಿ ಅಡ್ಡಾದವಳು ಸಂಜೆಯವರೆಗೆ ಎದ್ದಿರಲಿಲ್ಲ. ಅಂಥ ನಿದ್ದೆ ನನಗೆ ಮದುವೆಯಾದ ಮೇಲೆ ಬಂದದ್ದೇ ಇಲ್ಲ. ಅದು ಗೋಡೆಯ ಗುಣ ಎಂದು ನಾನು ನಂಬಿದ್ದೆ. ತವರಿನಲ್ಲಿ ಯಾರೂ ನನ್ನನ್ನು ಚಹಾಕ್ಕೆ ಎಬ್ಬಿಸುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಅವರ ನೀಲಿ ಮೂಡಲಗಿಯದು. ಅವರು ಅಲ್ಲಿ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತಾರೆ, ದಿನಾ ಗಾಡಿ ಮೇಲೆ ಹೋಗಿ ಬರುತ್ತಾರೆ. ಅವರಿಗೆ ಸ್ವಲ್ಪ ಬಿ.ಪಿ. ಇದೆ. ಅಲ್ಲಿಯ ಒಂದು ದವಾಖಾನೆಗೆ ಆಗಾಗ ತೋರಿಸಲು ಹೋಗುತ್ತಾರೆ. ಡಾಕ್ಟರರಿಗಾಗಿ ಕಾಯುತ್ತ ಕೂರುವ ಕೋಣೆಯ ಗೋಡೆ ನೀಲಿ.

"ಆ ಗ್ವಾಡಿ ನೋಡಕೋಂತ ಕುಂತ್ರ ಗುಳಿಗಿ ತಗೊಳ್ಳೂದರೊಳಗ ಬಿ.ಪಿ. ಇಳದಿರತೈತಿ" ಎಂದರು.

"ಮನಿಗೆ ದವಾಖಾನಿ ಬಣ್ಣ ಬಡಸ್ತಾರೇನ್ರಿ?"

"ನಿಮ್ಮ ಅಣ್ಣನ ಮನೀದು ಭಾರೀ ಅರಮನಿ ಬಣ್ಣ ನೋಡು!"

ಬಣ್ಣದ ಅಂಗಡಿಯಿಂದ ಶೇಡ್ ಕಾರ್ಡು ತಂದು ಹುಡುಕಿದೆವು. ಎರಡೂ ಒಂದೇ ಪುಟದಲ್ಲಿ, ಒಂದರ ಪಕ್ಕದಲ್ಲಿ ಒಂದು ಇದ್ದವು. ಅವುಗಳ ಇಂಗ್ಲಿಷ್ ಹೆಸರುಗಳು ಉದ್ದವಾಗಿದ್ದವು, ಎರಡರಲ್ಲೂ ನೀರಿನ ಮಾತಿತ್ತು. ನಮ್ಮ ಮನೆಯಲ್ಲಿ ಅವು ಹುಕ್ಕೇರಿ ನೀಲಿ, ಮೂಡಲಗಿ ನೀಲಿ ಎಂದೇ ಆದವು. ಪೇಂಟರ್ ಬಂದು ದಿವಾನದ ಮೇಲಿನ ಗೋಡೆಗೆ ಎಡಗಡೆ ಹುಕ್ಕೇರಿಯನ್ನೂ ಬಲಗಡೆ ಮೂಡಲಗಿಯನ್ನೂ ಒಂದೊಂದು ಟವೆಲ್ಲಿನಷ್ಟಗಲ ಬಳಿದ. ಒಣಗಿದ ಮೇಲೆ ಮೂವರೂ ಬಾಗಿಲ ಹತ್ತಿರ ಹೋಗಿ ನಿಂತು ನೋಡಿದೆವು. ಪೇಂಟರ್ ಒಳ್ಳೆಯ ಮನುಷ್ಯ. ನಾನಿದ್ದಾಗ, "ಅಕ್ಕಾರ, ಎಡಗಡೀದು ಏನ ಎದ್ದ ಕಾಣತೈತ್ರಿ!" ಎಂದ. ನಾನು ಚಹಾ ಮಾಡಲು ಒಳಗೆ ಹೋದಾಗ, "ಸಾವಕಾರ್ರ, ಬಲಗಡೀದರ ಮುಂದ ಯಾವುದೂ ಇಲ್ರಿ" ಎಂದದ್ದೂ ನನಗೆ ಕೇಳಿಸಿತು.

ಆಮೇಲೆ ಮನೆಗೆ ಬಂದವರಿಗೆಲ್ಲ ಇದೇ ಪರೀಕ್ಷೆ. ಹಾಲು ಹಾಕುವವನಿಂದ ಹಿಡಿದು ಲಗ್ನಪತ್ರಿಕೆ ಕೊಡಲು ಬಂದ ಬೀಗರವರೆಗೆ ಎಲ್ಲರನ್ನೂ ಗೋಡೆಯ ಮುಂದೆ ನಿಲ್ಲಿಸಿದೆವು. ಹೆಚ್ಚಿನವರು ಕತ್ತು ಆ ಕಡೆ ಈ ಕಡೆ ಹೊರಳಿಸಿ, "ಎರಡೂ ಛೊಲೋ ಅದಾವ" ಎಂದು ಕೈಯೊಳಗಿನ ಕರದಂಟು ಮುಗಿಸಿ ಹೋದರು. ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋಟೊ ಕಳಿಸಿದರೆ, "ಎರಡೂ ಬಿಳೇ ಕಾಣಾಕತ್ತಾವು. ನನ್ನ ಪರೀಕ್ಷಾ ಮುಗಿಯೂ ತನಕ ಇಂಥಾವು ಕಳಸಬ್ಯಾಡ್ರಿ" ಎಂದಳು. ಅತ್ತೆ ಮಾತ್ರ ಮೊದಲ ದಿನವೇ ತೀರ್ಪು ಕೊಟ್ಟಿದ್ದರು: "ಎರಡೂ ಒಂದ ಅದಾವು. ಯಾವುದರ ಒಂದ ಬಡೀರಿ, ನನ್ನ ದೇವರ ಜಗಲಿ ಮ್ಯಾಲೆ ಸಿಡಿಸಬ್ಯಾಡ್ರಿ."

ನಾನು ಸಾಕ್ಷಿಗೆಂದು ಅಣ್ಣನಿಗೆ ಫೋನು ಹಚ್ಚಿದೆ. ನಮ್ಮ ಮನೆಯವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದು ತಪ್ಪಾಯಿತು.

"ಅಣ್ಣಾ, ನಿಮ್ಮ ಒಳಗಿನ ಖೋಲಿ ನೀಲಿ ಎಷ್ಟ ವಿಚಾರ ಮಾಡಿ ಆರಿಸೀದಿ ಹೇಳು."

"ಅದು ನೀಲಿ ಐತೇನ ತಂಗಿ?" ಎಂದ ಅಣ್ಣ. "ನಾ ಬೂದಿ ಬಣ್ಣ ಅಂತ ತಗೊಂಡೇನಲ್ಲ."

ನಮ್ಮ ಮನೆಯವರು ಆ ದಿನ ಎರಡು ರೊಟ್ಟಿ ಹೆಚ್ಚು ಉಂಡರು.

ಅವರ ಸಾಕ್ಷಿಯನ್ನೂ ಪರೀಕ್ಷಿಸದೆ ಬಿಡುವವಳಲ್ಲ ನಾನು. ಒಂದು ಶನಿವಾರ ಗಾಡಿಯ ಹಿಂದೆ ಕೂತು ಮೂಡಲಗಿಗೆ ಹೋದೆ. ದವಾಖಾನೆ ತುಂಬ ಜನ. ಕೆಮ್ಮುವವರು, ಕಾಲು ಬಾತವರು, ಅಳುವ ಕೂಸುಗಳು. ನಮ್ಮ ಮನೆಯವರು ಎಲ್ಲರ ತಲೆಯ ಮೇಲಿಂದ ಕೈ ಚಾಚಿ ಶೇಡ್ ಕಾರ್ಡನ್ನು ಗೋಡೆಗೆ ಹಿಡಿದರು. ನಾನು ಎದುರಿಗೆ ನಿಂತು, "ಇನ್ನೊಂದೀಟ ಮ್ಯಾಲ, ಅಲ್ಲಿ ಬೆಳಕ ಐತಿ" ಎನ್ನುತ್ತಿದ್ದೆ. ಜನ ಕೆಮ್ಮುವುದನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದರು. ಕಂಪೌಂಡರ್ ಹೊರಗೆ ಬಂದು ಗಾಬರಿಯಿಂದ, "ಏನ್ರಿ ಸಾಹೇಬ್ರ, ಡಾಕ್ಟರ್ರು ದವಾಖಾನಿ ಮಾರ್ಯಾರೇನ್ರಿ? ಗ್ವಾಡಿ ನೋಡಾಕತ್ತೀರಲ್ಲ?" ಎಂದ. ಹಾಗಲ್ಲ ಎಂದು ಹೇಳಲು ಹೋಗಿ, ಬಂದದ್ದಕ್ಕೆ ಏನಾದರೂ ಕಾರಣ ಬೇಕಲ್ಲ ಎಂದು ಅವರು ಬಿ.ಪಿ. ತೋರಿಸಲು ಒಳಗೆ ಹೋದರು. ನಾನೂ ಹಿಂದೆ ಹೋದೆ.

ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿ ನೋಡಿದರು. "ಇವತ್ತ ಜಾಸ್ತಿ ಐತಲ್ರಿ. ಮನ್ಯಾಗ ಏನರ ಟೆನ್ಶನ್ ಮಾಡ್ಕೊಂಡೀರೇನು?"

ಅವರು ನನ್ನ ಕಡೆ ನೋಡಲಿಲ್ಲ. "ಗ್ವಾಡಿದ್ರಿ" ಎಂದರು.

ಹೀಗೆ ಅವರ ಸಾಕ್ಷಿಯೂ ಕೈಕೊಟ್ಟಿತು. ಆದರೆ ಇಬ್ಬರೂ ಸೋಲಲಿಲ್ಲ. ಸಾಕ್ಷಿಗಳು ಕೆಟ್ಟರೆ ನೀಲಿ ಕೆಡುತ್ತದೆಯೇ? ಕೊನೆಗೆ ಮಾವನವರನ್ನು ಪಂಚರನ್ನಾಗಿ ಮಾಡುವುದೆಂದು ಒಪ್ಪಿದೆವು. ನೂಲಿನ ಖಾತೆಯಲ್ಲಿದ್ದವರು. ಕೂದಲೆಳೆಯಷ್ಟು ಬಣ್ಣ ಹೆಚ್ಚುಕಡಿಮೆಯಾದರೂ ಹಿಡಿಯುತ್ತಿದ್ದೆ ಎಂದು ಅವರು ಹೇಳಿದ್ದನ್ನು ನಾವೆಲ್ಲ ಬಹಳ ಸಲ ಕೇಳಿದ್ದೆವು. ಇಷ್ಟು ದಿನ ಈ ಗದ್ದಲದಲ್ಲಿ ಅವರು ಬಾಯಿ ಹಾಕಿರಲಿಲ್ಲ.

"ಮಾವಾರ, ನೀವ ಹೇಳ್ರಿ. ನೀವು ಹೇಳಿದ್ದ ಕಡೀ ಮಾತು" ಎಂದೆ.

ಮಾವನವರು ಚಸ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡರು. ಗೋಡೆಯ ಹತ್ತಿರ ಹೋದರು, ಹಿಂದೆ ಸರಿದರು, ಬೆರಳಿನಿಂದ ಸವರಿದರು. "ಎಡಗಡೀದು" ಎಂದರು.

ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ಛತ್ತಿನ ಕಡೆ ನೋಡಿದರು.

"ಎಡಗಡೀ ಹಸರ ಛೊಲೋ ಐತಿ" ಎಂದು ಮಾವನವರು ಮುಂದುವರಿಸಿದರು. "ಬಲಗಡೀ ಹಸರ ಒಂದೀಟ ಮಾಸಿದಂಗ ಕಾಣತೈತಿ. ಅಲ್ಲಾ, ನೀಲಿ ನೀಲಿ ಅನ್ನಾಕತ್ತಿದ್ರಿ, ಹಸರ ಯಾಕ ಬಡಿಸೀರಿ?"

"ಯಾವ ಹಸರ ಅಪ್ಪಾ?"

"ಇದಽ. ಕಣ್ಣ ಕಾಣಂಗಿಲ್ಲೇನ ನಿನಗ?"

ಅಡುಗೆಮನೆಯಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಏನ್ರಿ, ನನ್ನ ಸೀರಿ ಯಾವ ಬಣ್ಣ ಐತಿ ಹೇಳ್ರಿ."

"ಹಸರ" ಎಂದರು ಮಾವ, ಇದೇನು ಕೇಳುವ ಮಾತೇ ಎನ್ನುವ ಹಾಗೆ.

ಅತ್ತೆಯ ಸೀರೆ ಅಪ್ಪಟ ನೀಲಿ. "ಅದಕ್ಕ ಬಂದವರ ಮುಂದೆಲ್ಲಾ, ನಮ್ಮಾಕಿ ಹಸರ ಸೀರಿ ಬಿಟ್ಟ ಬ್ಯಾರೆ ಉಡಂಗಿಲ್ಲ ಅಂತಿದ್ರಿ! ನಾ ಚ್ಯಾಷ್ಟಿ ಮಾಡಾಕತ್ತೀರಿ ಅಂತ ತಿಳಿದಿದ್ದೆ" ಎಂದರು. ಅವರ ದನಿಯಲ್ಲಿ ಸಿಟ್ಟು ಹೊರಟು ಅರ್ಧದಲ್ಲಿ ಹೆದರಿಕೆಯಾಯಿತು.

ಮರುದಿನವೇ ಗೋಕಾಕದ ಕಣ್ಣಿನ ಡಾಕ್ಟರರಿಗೆ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅದೂ ಚೆನ್ನಾಗಿ ಬಲಿತಿತ್ತು. ಪೊರೆ ಹಳದಿಯಾಗುತ್ತ ಹೋದಂತೆ ನೀಲಿಯೆಲ್ಲ ಹಸಿರಾಗಿ ಕಾಣುತ್ತದೆ, ಗಾಬರಿ ಬೇಡ, ಆಪರೇಶನ್ ಮಾಡಿದರೆ ಸರಿಹೋಗುತ್ತದೆ ಎಂದರು. ಮಾವನವರು ದಾರಿಯುದ್ದಕ್ಕೂ ನಂಬಲಿಲ್ಲ. "ನಿಮ್ಮ ಪೇಂಟರ್ ಡಬ್ಬಿ ಅದಲಬದಲ ಮಾಡ್ಯಾನ" ಎನ್ನುತ್ತಲೇ ಇದ್ದರು. ಆದರೂ ಒಂದು ಕಣ್ಣಿನ ಆಪರೇಶನ್ ಮೊದಲು ಮಾಡಿಸಲು ಒಪ್ಪಿದರು. ಆ ಕಣ್ಣಿಗೆ ಧೂಳು ತಾಗಬಾರದು ಎಂದು ಗೋಡೆ ಕೆಲಸ ನಿಲ್ಲಿಸಿದೆವು. ಎರಡು ನೀಲಿ ಟವೆಲ್ಲುಗಳು ಗೋಡೆಯ ಮೇಲೆ ಹಾಗೇ ಉಳಿದವು.

ಪಟ್ಟಿ ಬಿಚ್ಚಿಸಿ ಮನೆಗೆ ಕರೆತಂದ ದಿನ ಮಾವನವರು ಕರೀ ಚಸ್ಮಾ ಹಾಕಿಕೊಂಡೇ ಪಡಸಾಲೆಗೆ ಬಂದು ಗೋಡೆಯ ಮುಂದೆ ನಿಂತರು. ಚಸ್ಮಾ ಮೆಲ್ಲಗೆ ಎತ್ತಿದರು. ಹೊಸ ಕಣ್ಣು ಮುಚ್ಚಿ ಹಳೇ ಕಣ್ಣಿನಿಂದ ನೋಡಿದರು. ಹಳೇದು ಮುಚ್ಚಿ ಹೊಸದರಿಂದ ನೋಡಿದರು. ಮತ್ತೆ ಅದನ್ನೇ ಮಾಡಿದರು.

"ಇದು ಮುಚ್ಚಿದ್ರ ಹಸರ" ಎಂದರು. "ಇದು ಮುಚ್ಚಿದ್ರ… ಏ, ಇಲ್ಲಿ ಬಾ, ಇದು ನೀಲಿ ಐತಲ್ಲ!"

"ಅಯ್ಯ ನನ್ನ ಶಿವನ, ಅದನ್ನ ಹೇಳಾಕತ್ತೇವ್ರಿ" ಎಂದರು ಅತ್ತೆ.

ಆಮೇಲೆ ಅವರನ್ನು ಕೂರಿಸುವುದೇ ಕಷ್ಟವಾಯಿತು. ಒಂದು ಕಣ್ಣು ಮುಚ್ಚುತ್ತ ಒಂದು ತೆರೆಯುತ್ತ ಮನೆಯೆಲ್ಲ ಓಡಾಡಿದರು. ಬಕೀಟು, ಕ್ಯಾಲೆಂಡರು, ದೇವರ ಮುಂದಿನ ಶಂಖಪುಷ್ಪ, ಗ್ಯಾಸಿನ ಉರಿ, ಎಲ್ಲವನ್ನೂ ನೋಡಿದರು. ಹಿತ್ತಲ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ತಂತಿಯ ಮೇಲೆ ಧೋತರಗಳು ಒಣಗುತ್ತಿದ್ದವು.

"ಅವು ಯಾರವು?"

"ಯಾರವು ಅಂದ್ರ? ನಿಮ್ಮವ."

"ಆಕಾಶದ ಬಣ್ಣ ಅದಾವಲ್ಲ!"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಧೋತರ ಹಳದಿ ಆಗ್ಯಾವ, ಹಳದಿ ಆಗ್ಯಾವ ಅಂತ ದಿನಾ ಒದರತಿದ್ರಿ. ಒಗೀವಾಗ ನೀಲಿ ಒಂದಿಷ್ಟ ಹೆಚ್ಚ ಹಾಕಿದೆ. ಮತ್ತ ಒದರಿದ್ರಿ. ಮತ್ತ ಹಾಕಿದೆ."

"ಇವನ್ನ ಉಟಗೊಂಡ ನಾ ಊರೆಲ್ಲಾ ತಿರಗೇನಿ?"

"ಲಗ್ನಕ್ಕೂ ಹೋಗಿ ಬಂದೀರಿ."

"ಒಬ್ಬರರ ಹೇಳಬಾರದ?"

"ಹಿರೀ ಮನಶ್ಯಾ, ಏನೋ ಶೋಕಿ ಇರಬೇಕು ಅಂತ ಬಿಟ್ಟಾರ."

ಖರೆ ಹೇಳಬೇಕೆಂದರೆ ಆ ಧೋತರಗಳು ನನಗೂ ಕಂಡಿದ್ದವು. ಅದು ಅವರ ಪದ್ಧತಿ ಎಂದೇ ನಾನೂ ತಿಳಿದಿದ್ದೆ. ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ನಕ್ಕರು. ಬಹಳ ದಿನಗಳ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ. ಆಪರೇಶನ್ ಆದವರು ಹೆಚ್ಚು ನಗಬಾರದೇನೋ ಎಂದು ಮಾವನವರು ಮಾತ್ರ ಎರಡೂ ಕೆನ್ನೆ ಹಿಡಿದುಕೊಂಡು ನಿಂತಿದ್ದರು.

ಆ ಮಧ್ಯಾಹ್ನ ಅವರು ಅತ್ತೆಯಿಂದ ಟ್ರಂಕು ತೆಗೆಸಿದರು. "ಏನ ಐತಿ ಅದರಾಗ, ಹಳೇ ಸೀರಿ" ಎಂದು ಅತ್ತೆ ಗೊಣಗಿದರೂ ಒಂದೊಂದನ್ನೇ ಮಂಚದ ಮೇಲೆ ಹರವಿದರು. ನಾನು ಬಟ್ಟೆ ಮಡಿಸುವ ನೆಪದಲ್ಲಿ ಬಾಗಿಲಲ್ಲೇ ಇದ್ದೆ. ಮಾವನವರು ಒಂದು ಸೀರೆಯ ಮೇಲೆ ಕೈಯಿಟ್ಟು, "ಇದನ್ನ ಯಾಕ ಉಡೂದ ಬಿಟ್ಟಿ?" ಎಂದರು.

"ನೀವ ಅಂದ್ರೆಲ್ಲ, ಮಣ್ಣಿನ ಬಣ್ಣ ಐತಿ, ಚಂದ ಕಾಣಂಗಿಲ್ಲ ಅಂತ."

ಅದು ನೇರಳೆ ಹಣ್ಣಿನ ಬಣ್ಣದ ಇಳಕಲ್ಲ ಸೀರೆ. ಮಾವನವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಅದನ್ನು ಬೇರೆ ತೆಗೆದು ಅತ್ತೆಯ ಕಡೆ ಸರಿಸಿದರು. ಮರುದಿನ ಬೆಳಗ್ಗೆ ಅತ್ತೆ ಅದನ್ನೇ ಉಟ್ಟು ಕಸ ಗುಡಿಸುತ್ತಿದ್ದರು. ಕಸ ಗುಡಿಸಲು ಇಳಕಲ್ಲ ಸೀರೆ ಯಾಕೆ ಎಂದು ಕೇಳುವಷ್ಟು ದಡ್ಡಿ ನಾನಲ್ಲ.

ಕಣ್ಣು ಸುಧಾರಿಸುವ ಈ ದಿನಗಳಲ್ಲಿ ನಾನು ಒಂದು ಕೆಲಸ ಮಾಡಿದ್ದೆ. ಅಣ್ಣನ ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ ಹುಕ್ಕೇರಿಗೆ ಹೋದವಳು, ಬರುವಾಗ ಅಲ್ಲಿಯ ಅಂಗಡಿಯಲ್ಲಿ ನನ್ನ ನೀಲಿಯ ದೊಡ್ಡ ಡಬ್ಬಿಯನ್ನೇ ಕಲಸಿಸಿ, ಚೀಲದಲ್ಲಿ ಹಾಕಿ, ಮೇಲೆ ಮೆಂತೆ ಸೊಪ್ಪು ಹೊದಿಸಿ ಬಸ್ಸಿನಲ್ಲಿ ತಂದಿದ್ದೆ. ಕಲಸಿದ ಬಣ್ಣವನ್ನು ಯಾವ ಅಂಗಡಿಯವನೂ ವಾಪಸು ತಗೊಳ್ಳುವುದಿಲ್ಲ. ಹೊತ್ತು ಬಂದಾಗ "ತಂದಾಗೇತಲ್ಲ, ಇನ್ನೇನ ಮಾಡೂದು" ಎಂದರಾಯಿತು ಎಂಬ ಲೆಕ್ಕ ನನ್ನದು. ಡಬ್ಬಿಯನ್ನು ಮಂಚದ ಕೆಳಗೆ ಹಾಸಿಗೆ ಸುರುಳಿಯ ಹಿಂದೆ ಇಟ್ಟಿದ್ದೆ.

ಡಾಕ್ಟರರು ಗೋಡೆ ಕೆಲಸಕ್ಕೆ ಇನ್ನು ಅಡ್ಡಿಯಿಲ್ಲ, ಆದರೆ ಇವರಿಗೆ ಬಣ್ಣದ ವಾಸನೆ, ಧೂಳು ಬೇಡ ಎಂದ ಮೇಲೆ, ಮಾವನವರನ್ನು ಹತ್ತರಗಿಯಲ್ಲಿರುವ ನಾದಿನಿಯ ಮನೆಗೆ ನಾಲ್ಕು ದಿನ ಬಿಟ್ಟುಬರುವುದೆಂದಾಯಿತು. ನಾವಿಬ್ಬರೂ ಅವರ ಜೊತೆ ಹೊರಟೆವು. ಪೇಂಟರ್ ಬಂದು ಪುಟ್ಟಿ ಉಜ್ಜುತ್ತಿದ್ದ. "ಯಾವುದು ಬಡೀಲಿ?" ಎಂದು ಕೇಳಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ, "ನೀವು ಹೊಂಡ್ರಿ, ಬಸ್ ತಪ್ಪತೈತಿ. ನಾ ಹೇಳ್ತೇನಿ ಅವಗ" ಎಂದರು.

ನಾದಿನಿ ನಮ್ಮನ್ನು ಆ ದಿನ ಬಿಡಲಿಲ್ಲ, ಮರುದಿನವೂ ಊಟ ಮಾಡಿಯೇ ಹೋಗಿರೆಂದಳು. ನಾವು ಗೋಕಾಕಕ್ಕೆ ಬಂದಾಗ ಸಂಜೆಯಾಗಿತ್ತು. ಪಡಸಾಲೆ ಮುಗಿದಿತ್ತು. ನಡುಮನೆಯೂ ಮುಗಿದಿತ್ತು. ತಣ್ಣಗೆ, ಮೆತ್ತಗೆ, ಕಣ್ಣಿಗೆ ಹಿತವಾಗಿ ನಾಲ್ಕೂ ಕಡೆ ನೀಲಿ. ನಾನು ಕೈಕಾಲು ತೊಳೆಯುವ ಮೊದಲೇ ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದೆ. ಡಬ್ಬಿ ಇರಲಿಲ್ಲ! ಅತ್ತೆ ನನ್ನ ಕಡೆಗಿದ್ದಾರೆ ಎಂದು ಕಣ್ಣಲ್ಲಿ ನೀರೇ ಬಂತು.

ಗೆದ್ದವರು ಬಗ್ಗಿ ನಡೆಯಬೇಕು ಎಂದು ನನಗೆ ಗೊತ್ತು. ನಾನು ನಮ್ಮ ಮನೆಯವರಿಗೆ ಅವರಿಗೆ ಸೇರುವ ಝುಣಕ ಮಾಡಿ ಬಡಿಸಿದೆ. ವಿಚಿತ್ರವೆಂದರೆ ಅವರೂ ಬಹಳ ಮೆತ್ತಗಾಗಿದ್ದರು. ಊಟವಾದ ಮೇಲೆ ತಾವೇ ತಟ್ಟೆ ಎತ್ತಿದರು. "ಮನಸಿಗೆ ಹಚ್ಕೋಬ್ಯಾಡ" ಎಂದರು. ಸೋತವರು ಇಷ್ಟು ದೊಡ್ಡ ಮನಸ್ಸು ತೋರಿಸುವುದನ್ನು ನಾನು ಕಂಡಿರಲಿಲ್ಲ. "ನೀವೂ ಹಚ್ಕೋಬ್ಯಾಡ್ರಿ" ಎಂದೆ. ಹೀಗೇ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತ ಕೆಲವು ದಿನ ಬಹಳ ಪ್ರೀತಿಯಿಂದ ಕಳೆದೆವು.

ಮಾವನವರು ಹತ್ತರಗಿಯಿಂದ ಬಂದವರು ಚೀಲ ಇಳಿಸುವ ಮೊದಲು ಗೋಡೆ ನೋಡಿದರು. ಹಳೇ ಕಣ್ಣು ಮುಚ್ಚಿದರು. ಎದುರಿನ ಗೋಡೆ ನೋಡಿದರು, ಬಾಜೂದು ನೋಡಿದರು. "ಇದು ಎಡಗಡೀದೂ ಅಲ್ಲ, ಬಲಗಡೀದೂ ಅಲ್ಲ" ಎಂದರು.

"ಹುಕ್ಕೇರೀದು, ಮಾವಾರ" ಎಂದೆ ನಾನು.

"ಏ, ಮೂಡಲಗೀದು" ಎಂದರು ನಮ್ಮ ಮನೆಯವರು, ಆಶ್ಚರ್ಯದಿಂದ.

ಇಬ್ಬರೂ ಅತ್ತೆಯ ಕಡೆ ತಿರುಗಿದೆವು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಒಂದ ಡಬ್ಬಿ ಮಂಚದ ಬುಡಕ ಇತ್ತು. ಒಂದ ಜ್ವಾಳದ ಚೀಲದ ಹಿಂದ ಇತ್ತು. ದಿನಾ ಕಸಾ ಹೊಡಿಯಾಕಿ ನಾ, ನನಗ ಕಾಣಂಗಿಲ್ಲೇನು? ಎರಡೂ ರೊಕ್ಕಾ ಕೊಟ್ಟ ತಂದದ್ದು, ಚೆಲ್ಲಾಕ ಬರತೈತೇನು? ದೊಡ್ಡ ಬಕೀಟಿನ್ಯಾಗ ಎರಡೂ ಸುರದ ಕೂಡಸ ಅಂದೆ ಪೇಂಟರಗ. ನಡುಮನಿಗೂ ಬಂತು."

ಜೋಳದ ಚೀಲ! ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರೂ ತಮ್ಮ ನೀಲಿಯ ಡಬ್ಬಿಯನ್ನು ಮೂಡಲಗಿಯಿಂದ ಗಾಡಿಯ ಮುಂದೆ ಇಟ್ಟುಕೊಂಡು, ಟವೆಲ್ ಮುಚ್ಚಿ ತಂದಿದ್ದರಂತೆ. ಬಂದ ಸಂಜೆ ನಾನು ಮಂಚದ ಕೆಳಗೆ ಬಗ್ಗಿದ್ದಾಗ ಅವರು ಜೋಳದ ಚೀಲದ ಹಿಂದೆ ಬಗ್ಗಿದ್ದರು.

"ಅದಕ್ಕ ನಾಲ್ಕ ದಿನ ಅಷ್ಟ ಝುಣಕ ಮಾಡಿದೇನು?" ಎಂದರು.

"ಅದಕ್ಕ ನೀವು ತಾಟ ಎತ್ತಿದ್ರೇನು?" ಎಂದೆ.

"ಕೂಡಿಸಿದ್ದು ಛೊಲೋ ಆಗೇತಿ" ಎಂದು ಮಾವನವರು ದಿವಾನದ ಮೇಲೆ ಕೂತು ಚಹಾ ಕೇಳಿದರು. ನಮ್ಮ ಜಗಳಕ್ಕೆ ಜಾಗವೇ ಉಳಿಯಲಿಲ್ಲ.

ಅದರ ತ್ರಾಸು ಬಂದದ್ದು ಬೇರೆ ಕಡೆಯಿಂದ. ಬಾಜೂ ಮನೆಯಾಕೆ ಅರಿಶಿನ ಕುಂಕುಮಕ್ಕೆ ಬಂದವಳು ಗೋಡೆಗೆ ಮನಸೋತು, ತನ್ನ ಮನೆಗೂ ಅದೇ ಬಣ್ಣ ಬೇಕು, ಹೆಸರು ಹೇಳಿರಿ ಎಂದಳು. ಇದ್ದದ್ದು ಇದ್ದಹಾಗೆ ಹೇಳಿದೆ: ಎರಡು ಡಬ್ಬಿ, ಒಂದು ಬಕೀಟು, ನಮ್ಮ ಅತ್ತೆ. ಅವಳು ನಂಬದೆ, ನಾನು ಹೆಸರು ಮುಚ್ಚಿಡುತ್ತಿದ್ದೇನೆಂದು ತಿಳಿದು, ಗೋಡೆಯ ಫೋಟೊ ಹಿಡಿದುಕೊಂಡು ಗೋಕಾಕದ ಬಣ್ಣದ ಅಂಗಡಿಗಳನ್ನೆಲ್ಲ ತಿರುಗಿದಳು. ಒಬ್ಬರ ಮಷಿನ್ನಿಗೂ ಅದು ಬರಲಿಲ್ಲ. ಈಗ ಓಣಿಯಲ್ಲಿ ಎದುರಾದರೆ, "ಇರಲಿ ಬಿಡ್ರಿ ಟೀಚರ್, ಎಲ್ಲಾರೂ ಒಂದ ಬಣ್ಣ ಬಡಿಸಿದ್ರ ನಿಮ್ಮ ಮನಿ ಎದ್ದ ಕಾಣೂದ ಹೆಂಗ" ಎನ್ನುತ್ತಾಳೆ. ಬೇಕಾದರೆ ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿ ಕಲಸಿಸಿಕೊಳ್ಳಿ ಎಂದು ನಾನು ಎಷ್ಟು ಸಲ ಹೇಳಿದರೂ ಆಕೆ ಮುಖ ತಿರುಗಿಸಿಕೊಂಡೇ ಹೋಗುತ್ತಾಳೆ.